ಬಂಡಲ್ ಬಂದ ವಾರ ಸಣ್ಣ ಗೇಮ್ ಸ್ಟೋರ್ ಏನು ಮಾಡಬೇಕು?

ಪ್ರಶ್ನೆ: ನಾವು ಮೂವರು ಗೆಳೆಯರು ಸೇರಿ ಒಂದು ಸಣ್ಣ ಡಿಜಿಟಲ್ ಗೇಮ್ ಸ್ಟೋರ್ ನಡೆಸುತ್ತಿದ್ದೇವೆ. ಸುಮಾರು 300 ಗೇಮ್‌ಗಳಿವೆ, ಹೆಚ್ಚಿನವು ಇಂಡಿ, ಅಂದರೆ ಸಣ್ಣ ಸ್ವತಂತ್ರ ತಂಡಗಳು ಮಾಡಿದವು. ಡಿಆರ್‌ಎಂ (ನಕಲು ತಡೆಯುವ ಬೀಗ) ಇಲ್ಲದ ಫೈಲನ್ನೇ ಕೊಡುತ್ತೇವೆ, ಕೊಂಡವರು ಇಳಿಸಿಕೊಂಡು ಇಟ್ಟುಕೊಳ್ಳಬಹುದು. ನಮ್ಮಲ್ಲಿ ಚೆನ್ನಾಗಿ ಹೋಗುತ್ತಿದ್ದ ಒಂದು ಪಜಲ್ ಗೇಮಿನ ಬೆಲೆ 15 ಡಾಲರ್. ಕಳೆದ ತಿಂಗಳು ಅದೇ ಗೇಮ್ ಒಂದು ದೊಡ್ಡ ಬಂಡಲ್‌ನಲ್ಲಿ ಬಂತು. ಜೊತೆಗೆ ಇನ್ನೂ ಏಳು ಗೇಮ್, ಎಲ್ಲಾ ಸೇರಿ 12 ಡಾಲರ್, ಸ್ಟೀಮ್ ಕೀ ಸಮೇತ (ಸ್ಟೀಮ್ ಎಂಬ ದೊಡ್ಡ ಗೇಮ್ ಸ್ಟೋರ್‌ನಲ್ಲಿ ಗೇಮ್ ತೆರೆಯುವ ಕೋಡ್). ಆ ಎರಡು ವಾರ ನಮ್ಮಲ್ಲಿ ಅದರ ಒಂದು ಪ್ರತಿಯೂ ಹೋಗಲಿಲ್ಲ. ಹಿಂದಿನ ವಾರ ಕೊಂಡಿದ್ದ ಇಬ್ಬರು ದುಡ್ಡು ವಾಪಸ್ ಕೇಳಿದರು. ಒಬ್ಬ ಗೆಳೆಯ ‘ನಾವೂ ಬಂಡಲ್ ಶುರು ಮಾಡೋಣ’ ಅನ್ನುತ್ತಾನೆ. ಇನ್ನೊಬ್ಬ ‘ಬಂಡಲ್‌ಗಳೇ ಸಣ್ಣ ಸ್ಟೋರ್‌ಗಳನ್ನು ಮುಗಿಸುತ್ತಿರುವುದು, ಅದರ ಸಹವಾಸವೇ ಬೇಡ’ ಅನ್ನುತ್ತಾನೆ. ಯಾರ ಮಾತು ಸರಿ? ಸದ್ಯಕ್ಕೆ ಆ ಗೇಮಿನ ಬೆಲೆಯನ್ನು 5 ಡಾಲರಿಗೆ ಇಳಿಸೋಣವೇ?

ಉತ್ತರ: ನಿಮ್ಮ ಗೆಳೆಯರಿಬ್ಬರೂ ಅರ್ಧರ್ಧ ಸರಿ. ನಾನು ಹನ್ನೆರಡು ವರ್ಷ ಗೇಮ್ ಪ್ರಕಾಶಕರ ಪರವಾಗಿ ಸ್ಟೋರ್‌ಗಳ ಜೊತೆ ಕೂತು ದರ, ರಿಯಾಯಿತಿ, ಬಂಡಲ್ ಇವನ್ನೇ ಮಾತಾಡಿದವನು. ಅಂದರೆ ಮೇಜಿನ ಆ ಕಡೆ, ನಿಮ್ಮಂಥವರ ಎದುರು ಕೂತವನು. ನಿಮ್ಮ ಪತ್ರ ಓದುವಾಗ 12 ಡಾಲರ್ ಎಂಬಲ್ಲಿ ನಾನು ನಿಲ್ಲಲಿಲ್ಲ. ‘ಸ್ಟೀಮ್ ಕೀ ಸಮೇತ’ ಎಂಬಲ್ಲಿ ನಿಂತೆ. ನಿಮ್ಮ ತೊಂದರೆಯ ಬೇರು ಅಲ್ಲಿದೆ.

ಒಂದು ಪ್ರಶ್ನೆಯಂತೆ ಕಂಡರೂ ನೀವು ಕೇಳಿರುವುದು ಮೂರು. ಬಂಡಲ್‌ನಿಂದ ನಮ್ಮ ಮಾರಾಟ ಎಷ್ಟು ಹೋಯಿತು? ನಮ್ಮ ಗ್ರಾಹಕ ಪೂರ್ತಿ ಕೈತಪ್ಪಿದನೇ? ಈಗ ಏನು ಮಾಡೋಣ? ಎಲ್ಲರೂ ಮೊದಲನೆಯದಕ್ಕೆ ಹೆದರುತ್ತಾರೆ. ಹೆದರಬೇಕಾದ್ದು ಎರಡನೆಯದಕ್ಕೆ.

ಮೊದಲು ಮಾರಾಟದ ಲೆಕ್ಕ. ಬಂಡಲ್‌ನಲ್ಲಿ ಒಂದು ಲಕ್ಷ ಪ್ರತಿ ಹೋದರೆ ಉಳಿದ ಸ್ಟೋರ್‌ಗಳಿಗೆ ಒಂದು ಲಕ್ಷ ಪ್ರತಿ ನಷ್ಟ ಎಂದು ಎಷ್ಟೋ ಜನ ನಂಬಿದ್ದಾರೆ. ಹಾಗೇನೂ ಇಲ್ಲ. ಬಂಡಲ್ ಕೊಳ್ಳುವವರು ಎಂಟರಲ್ಲಿ ಒಂದೋ ಎರಡೋ ಗೇಮ್‌ಗಾಗಿ ದುಡ್ಡು ಕೊಡುತ್ತಾರೆ. ಉಳಿದವು ಲೈಬ್ರರಿಯಲ್ಲಿ ಸುಮ್ನೆ ಬಿದ್ದಿರುತ್ತವೆ, ಎಷ್ಟೋ ಸಲ ಕೀಯನ್ನು ತೆರೆದೂ ನೋಡಿರುವುದಿಲ್ಲ. ಅವರಲ್ಲಿ ಹೆಚ್ಚಿನವರು ನಿಮ್ಮ ಪಜಲ್ ಗೇಮನ್ನು 15 ಡಾಲರಿಗೂ ಕೊಳ್ಳುತ್ತಿರಲಿಲ್ಲ, 5 ಡಾಲರಿಗೂ ಕೊಳ್ಳುತ್ತಿರಲಿಲ್ಲ. ನೀವು ಅವರನ್ನು ಕಳೆದುಕೊಳ್ಳಲಿಲ್ಲ, ಯಾಕೆಂದರೆ ಅವರು ನಿಮ್ಮವರಾಗಿರಲೇ ಇಲ್ಲ.

ಇದಕ್ಕೆ ಹಳೆಯ ಉದಾಹರಣೆಯೊಂದಿದೆ. 2010ರ ಮೇ ತಿಂಗಳಲ್ಲಿ ವುಲ್ಫೈರ್ ಗೇಮ್ಸ್ ಎಂಬ ಪುಟ್ಟ ಸ್ಟುಡಿಯೋ ಮೊದಲ ಹಂಬಲ್ ಇಂಡಿ ಬಂಡಲ್ ತಂದಿತು. ವರ್ಲ್ಡ್ ಆಫ್ ಗೂ, ಅಕ್ವೇರಿಯಾ, ಗಿಶ್ ಥರದ ಗೇಮ್‌ಗಳು. ಡಿಆರ್‌ಎಂ ಇಲ್ಲ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತವೆ. ಬೆಲೆ ನಿಮ್ಮಿಷ್ಟ. ಒಂದು ಸೆಂಟ್ ಕೊಟ್ಟರೂ ಎಲ್ಲ ಗೇಮ್ ನಿಮ್ಮದು, ಅದರಲ್ಲೂ ಒಂದು ಪಾಲು ದಾನಕ್ಕೆ. ಒಟ್ಟು 12 ಲಕ್ಷ ಡಾಲರಿಗೂ ಹೆಚ್ಚು ಬಂತು. ಒಂದು ಸೆಂಟ್ ಕೊಟ್ಟರೆ ಸಾಕಿದ್ದರೂ ಡೌನ್‌ಲೋಡ್‌ಗಳಲ್ಲಿ ಸುಮಾರು ಕಾಲು ಭಾಗ ಪುಕ್ಕಟೆ ಕದ್ದವು ಎಂದು ಅವರೇ ಅಂದಾಜು ಮಾಡಿದರು. ಇನ್ನೊಂದು ಕಡೆ, ಲಿನಕ್ಸ್ ಬಳಕೆದಾರರು ಸರಾಸರಿಗಿಂತ ಎಷ್ಟೋ ಹೆಚ್ಚು ಕೊಟ್ಟರು, ಬಹುಶಃ ಅವರಿಗೆ ಬೇರೆ ಕಡೆ ಗೇಮ್ ಸಿಗುವುದು ಅಪರೂಪವಾಗಿತ್ತು ಎಂದು. ಒಂದೇ ವಸ್ತು, ಒಂದೇ ವಾರ. ಒಬ್ಬ ಒಂದು ಸೆಂಟ್ ಕೊಡಲೂ ಒಲ್ಲ, ಇನ್ನೊಬ್ಬ ಕೇಳದೆಯೇ ಹತ್ತಿಪ್ಪತ್ತು ಡಾಲರ್ ಕೊಡುತ್ತಾನೆ. ಇವರಿಬ್ಬರನ್ನೂ ‘ಒಂದೊಂದು ಪ್ರತಿ’ ಎಂದು ಎಣಿಸಿದರೆ ಲೆಕ್ಕ ಹಳಿ ತಪ್ಪುತ್ತದೆ ಅಲ್ವಾ?

ಆದರೂ ಬಂಡಲ್ ಮಾಡುವವರಿಗೆ ಲಾಭ ಎಲ್ಲಿಂದ ಬರುತ್ತದೆ? ಒಂದು ಸಣ್ಣ ಲೆಕ್ಕ ಮಾಡೋಣ. ಎರಡು ಗೇಮ್, ಇಬ್ಬರು ಗ್ರಾಹಕರು. ಮೊದಲನೆಯವನಿಗೆ ಪಜಲ್ ಇಷ್ಟ, ಅದಕ್ಕೆ 10 ಡಾಲರ್ ಕೊಡುತ್ತಾನೆ, ರೇಸಿಂಗ್ ಗೇಮಿಗೆ 3. ಎರಡನೆಯವನದು ತಿರುಗಾಮುರುಗ: ರೇಸಿಂಗ್‌ಗೆ 10, ಪಜಲ್‌ಗೆ 3. ಎರಡನ್ನೂ ಬಿಡಿಯಾಗಿ 10 ಡಾಲರಿಗೆ ಮಾರಿದರೆ ಒಟ್ಟು 20 ಬರುತ್ತದೆ. 3 ಡಾಲರಿಗೆ ಇಳಿಸಿದರೆ ನಾಲ್ಕು ಪ್ರತಿ ಹೋಗಿ 12. ಎರಡನ್ನೂ ಕಟ್ಟಿ 13 ಡಾಲರಿಗೆ ಕೊಟ್ಟರೆ ಇಬ್ಬರೂ ಕೊಳ್ಳುತ್ತಾರೆ, 26 ಬರುತ್ತದೆ. ಇನ್ನೊಂದು ಪ್ರತಿ ತಯಾರಿಸಲು ಖರ್ಚೇ ಇಲ್ಲದ ವಸ್ತುಗಳಲ್ಲಿ ಈ ಆಟ ತುಂಬಾ ಚೆನ್ನಾಗಿ ನಡೆಯುತ್ತದೆ. ಕಟ್ಟಿನಲ್ಲಿ ವಸ್ತು ಜಾಸ್ತಿಯಾದಷ್ಟೂ ಗ್ರಾಹಕ ಒಟ್ಟು ಎಷ್ಟು ಕೊಟ್ಟಾನು ಎಂದು ಊಹಿಸುವುದು ಸುಲಭ. ಬಾಕೋಸ್ ಮತ್ತು ಬ್ರಿನ್‌ಜಾಲ್ಫ್ಸನ್ ಎಂಬ ಇಬ್ಬರು ಸಂಶೋಧಕರು 1999ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು.

ಈಗ ಈ ಚಿತ್ರದಲ್ಲಿ ನೀವು ಎಲ್ಲಿದ್ದೀರಿ ನೋಡಿ. ನಿಮ್ಮ ಹತ್ತಿರ ಪಜಲ್ ಮಾತ್ರ ಇದೆ, 10 ಡಾಲರಿಗೆ. ಪಜಲ್ ಇಷ್ಟಪಡುವ ಆ ಮೊದಲ ಗ್ರಾಹಕ ಇನ್ನು 3 ಡಾಲರ್ ಸೇರಿಸಿದರೆ ರೇಸಿಂಗೂ ಬರುತ್ತದೆ ಎಂದು ಬಂಡಲ್ ಕಡೆ ಹೋಗುತ್ತಾನೆ. ಆ ಒಂದು ಪ್ರತಿ ನಿಮ್ಮಿಂದ ನಿಜವಾಗಿ ಹೋಯಿತು. ಹಾಗಾಗಿ ನಿಮಗೆ ನಷ್ಟವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಹೋದದ್ದು ಮೊದಲೇ ಮನಸ್ಸು ಮಾಡಿದ್ದ ಕೆಲವರು. ಆದರೆ ಅವರು ಕೆಲವರೇ ಆದರೂ ನಿಮ್ಮ ಅತಿ ಒಳ್ಳೆಯ ಗ್ರಾಹಕರು.

ಬೆಲೆಯ ನೆನಪು ಇನ್ನೊಂದು ನಿಜವಾದ ಹಾನಿ. ಒಮ್ಮೆ ಒಂದೂವರೆ ಡಾಲರಿಗೆ ಸಿಕ್ಕಿದ್ದನ್ನು 15 ಕೊಟ್ಟು ಕೊಳ್ಳಲು ಮನಸ್ಸು ಬರುವುದಿಲ್ಲ. ಬಂಡಲ್ ಹಿಂದೆ ಬಂಡಲ್ ಬಂದರೆ ಜನ ಕಾಯುವುದನ್ನು ಕಲಿಯುತ್ತಾರೆ. 2012ರಲ್ಲಿ ಇಎ ಎಂಬ ದೊಡ್ಡ ಗೇಮ್ ಕಂಪನಿಯ ಸ್ವಂತ ಸ್ಟೋರ್ ಒರಿಜಿನ್‌ನ ಮುಖ್ಯಸ್ಥರು ಈ ಮಾತನ್ನು ಬಹಿರಂಗವಾಗಿಯೇ ಹೇಳಿದ್ದರು: ಸ್ಟೀಮ್ ಮಾಡುವಂಥ ಶೇ 75ರ ರಿಯಾಯಿತಿ ಗೇಮ್‌ಗಳನ್ನೇ ಅಗ್ಗವಾಗಿಸುತ್ತದೆ ಎಂದು. ಮುಂದಿನ ವರ್ಷ ಆಗಸ್ಟ್‌ನಲ್ಲಿ ಅದೇ ಇಎ ಹಂಬಲ್ ಒರಿಜಿನ್ ಬಂಡಲ್ ತಂದಿತು! ನಗು ಬರುವ ವಿಷಯವೇ. ಆದರೆ ಅವರು ಮಾಡಿದ್ದು ದಡ್ಡತನವಲ್ಲ. ಒಂದು ಕೋಟಿ ಡಾಲರಿಗೂ ಹೆಚ್ಚು ದುಡ್ಡು ಸೇರಿತು, ಇಎ ತನ್ನ ಪಾಲನ್ನು ಪೂರ್ತಿ ದಾನಕ್ಕೆ ಕೊಟ್ಟಿತು. ಹಾಗಾದರೆ ಕಂಪನಿಗೆ ಸಿಕ್ಕಿದ್ದೇನು? ಆ ಕಟ್ಟಿನಲ್ಲಿದ್ದ ಬ್ಯಾಟಲ್‌ಫೀಲ್ಡ್ 3 ಆಡಬೇಕಾದರೆ ಒರಿಜಿನ್‌ನಲ್ಲಿ ಖಾತೆ ತೆರೆಯಲೇಬೇಕಿತ್ತು. ಒರಿಜಿನ್ ಕಡೆ ತಲೆ ಹಾಕದವರೂ ಆಗ ಒಳಗೆ ಬರಬೇಕಾಯಿತು.

ನಾನು ಹೇಳಬೇಕಾದ ಮುಖ್ಯ ವಿಷಯಕ್ಕೆ ಬಂದೆವು. ಬಂಡಲ್ ಯಾರಿಗೆ ಏಟು ಕೊಡುತ್ತದೆ ಎಂಬುದನ್ನು ಅದರ ಬೆಲೆಗಿಂತ ಜಾಸ್ತಿ ತೀರ್ಮಾನಿಸುವುದು ಅದರೊಳಗಿನ ಕೀ ಯಾವ ಬಾಗಿಲು ತೆರೆಯುತ್ತದೆ ಎಂಬುದು.

ಕೀ ಅಂದರೆ ಅಕ್ಷರ, ಅಂಕಿಗಳ ಒಂದು ಕೋಡ್ ಅಷ್ಟೇ. ಡೆವಲಪರ್ ಕೇಳಿದರೆ ಸ್ಟೀಮ್ ನಡೆಸುವ ವಾಲ್ವ್ ಕಂಪನಿ ಕೀಗಳನ್ನು ಪುಕ್ಕಟೆ ಕೊಡುತ್ತದೆ. ಆ ಕೀಯನ್ನು ಡೆವಲಪರ್ ಬೇರೆ ಕಡೆ ಮಾರಿದರೆ ವಾಲ್ವ್‌ಗೆ ಒಂದು ಸೆಂಟೂ ಹೋಗುವುದಿಲ್ಲ. ಸ್ಟೀಮ್‌ನಲ್ಲೇ ಮಾರಿದ್ದರೆ ಸಾಮಾನ್ಯವಾಗಿ ಶೇ 30 ಹಿಡಿಯುತ್ತಿತ್ತು. ಮೇಲಿಂದ ಡೌನ್‌ಲೋಡ್, ಅಪ್‌ಡೇಟ್, ಕ್ಲೌಡ್ ಸೇವ್ ಎಲ್ಲದರ ಖರ್ಚೂ ವಾಲ್ವ್‌ನದೇ. ಮೇಲ್ನೋಟಕ್ಕೆ ಕೈಯಿಂದ ದುಡ್ಡು ಹಾಕುವ ವ್ಯಾಪಾರ. ಹಾಗಾದರೆ ಯಾಕೆ ಕೊಡುತ್ತಾರೆ?

ಯಾಕೆಂದರೆ ಬಂಡಲ್ ಎಲ್ಲೇ ಮಾರಾಟವಾಗಲಿ, ಗೇಮ್ ಹೋಗಿ ಕೂರುವುದು ಸ್ಟೀಮ್ ಲೈಬ್ರರಿಯಲ್ಲಿ. ಒಬ್ಬನ ಲೈಬ್ರರಿಯಲ್ಲಿ 20 ಗೇಮ್ ಇದ್ದರೆ ಬೇರೆ ಸ್ಟೋರ್ ಕಡೆ ಹೋಗುವುದು ಸುಲಭ. 400 ಇದ್ದರೆ? ಅವನ ಗೆಳೆಯರ ಪಟ್ಟಿ ಅಲ್ಲಿದೆ, ಅಚೀವ್‌ಮೆಂಟ್ ಅಲ್ಲಿದೆ, ಆಡಿದ ಗಂಟೆಗಳ ಲೆಕ್ಕ ಅಲ್ಲಿದೆ. ಆ 400ರಲ್ಲಿ 300 ಬಂಡಲ್‌ನಿಂದ ಬಂದವು, ಮುಟ್ಟಿಯೇ ನೋಡದವು ಆಗಿರಬಹುದು. ಆದರೂ ‘ನನ್ನ ಗೇಮ್‌ಗಳೆಲ್ಲ ಇಲ್ಲೇ ಇವೆ’ ಎಂಬ ಭಾವನೆಗೆ ಅವೂ ಸೇರುತ್ತವೆ. ನಾಳೆ ಪೂರ್ತಿ ಬೆಲೆಗೆ ಹೊಸ ಗೇಮ್ ಕೊಳ್ಳುವಾಗ ಅವನ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಬಂಡಲ್ ಕಂಪನಿಗೆ ಒಂದಿಷ್ಟು ಡಾಲರ್ ಸಿಕ್ಕಿತು, ಸ್ಟೀಮ್‌ಗೆ ಗ್ರಾಹಕ ಸಿಕ್ಕಿದ. ನಿಮ್ಮ ಆ ಎರಡು ಖಾಲಿ ವಾರಗಳಿಗಿಂತ ಇದು ದೊಡ್ಡ ನಷ್ಟ, ಮತ್ತು ಇದು ಯಾವ ಮಾರಾಟದ ವರದಿಯಲ್ಲೂ ಕಾಣುವುದಿಲ್ಲ.

ಬಂಡಲ್ ಹುಟ್ಟಿದ್ದು ಹೀಗಲ್ಲ ಎಂಬುದು ನನಗೆ ಇಂದಿಗೂ ಬೇಸರದ ವಿಷಯ. ಮೊದಲ ಬಂಡಲ್‌ನ ಹೆಮ್ಮೆಯೇ ಡಿಆರ್‌ಎಂ ಇಲ್ಲದ ಫೈಲ್, ನೀವು ಇವತ್ತು ಕೊಡುವಂಥದ್ದೇ. ಆಮೇಲೆ ‘ಜೊತೆಗೆ ಸ್ಟೀಮ್ ಕೀಯೂ ಇರಲಿ’ ಎಂದಾಯಿತು. ಗ್ರಾಹಕರೇ ಕೇಳಿದ್ದು, ಒಪ್ಪುತ್ತೇನೆ. 2012ರ ಕೊನೆಗೆ ಟಿಎಚ್‌ಕ್ಯೂ ಎಂಬ ದೊಡ್ಡ ಪ್ರಕಾಶಕರ ಗೇಮ್‌ಗಳ ಹಂಬಲ್ ಬಂಡಲ್ ಬಂದಾಗ ಗೇಮ್‌ಗಳು ಸಿಕ್ಕಿದ್ದು ಸ್ಟೀಮ್ ಕೀಯಾಗಿ ಮಾತ್ರ, ಅದೂ ವಿಂಡೋಸ್‌ಗೆ ಮಾತ್ರ. ಎರಡೂವರೆ ವರ್ಷದಲ್ಲಿ ಸ್ಟೋರ್‌ಗೆ ಬದಲಿ ದಾರಿಯಾಗಿದ್ದದ್ದು ಅದೇ ಸ್ಟೋರ್‌ಗೆ ಹೋಗುವ ದಾರಿಯಾಯಿತು. ಕೀಗಳ ಆಸೆಗೆ ಬೇರೆ ಹುಳುಕೂ ಹತ್ತಿದ್ದವು. 2011ರ ಕೊನೆಯಲ್ಲಿ, ಸ್ಟೀಮ್ ನಡೆಸುತ್ತಿದ್ದ ಬಹುಮಾನ ಯೋಜನೆಯಲ್ಲಿ ಹೆಚ್ಚು ಅವಕಾಶ ಗಳಿಸಲೆಂದು ಜನ ಒಂದೊಂದು ಸೆಂಟ್ ಕೊಟ್ಟು ರಾಶಿ ರಾಶಿ ಬಂಡಲ್ ಕೊಳ್ಳತೊಡಗಿದರು. ಕಾರ್ಡ್ ಪಾವತಿಗೆ ತಗಲುವ ಶುಲ್ಕವೇ ಆ ಒಂದು ಸೆಂಟಿಗಿಂತ ಹೆಚ್ಚು, ಮೂಗಿಗಿಂತ ಮೂಗುತಿ ಭಾರ. ಕೊನೆಗೆ ಸ್ಟೀಮ್ ಕೀ ಬೇಕಾದರೆ ಕನಿಷ್ಠ ಒಂದು ಡಾಲರ್ ಎಂದು ಹಂಬಲ್ ನಿಯಮ ಮಾಡಬೇಕಾಯಿತು.

ಕೀಗೆ ಒಂದು ಷರತ್ತೂ ಅಂಟಿಕೊಂಡಿದೆ. ಹೊರಗೆ ಕೀ ಅಗ್ಗಕ್ಕೆ ಮಾರಿದರೆ ಸ್ಟೀಮ್ ಗ್ರಾಹಕರಿಗೂ ಸ್ವಲ್ಪ ಸಮಯದೊಳಗೆ ಅಂಥದ್ದೇ ಅವಕಾಶ ಕೊಡಬೇಕು ಎಂದು ವಾಲ್ವ್ ಡೆವಲಪರ್‌ಗಳಿಗೆ ಹೇಳುತ್ತದೆ. ಇದು ಕೀಗೆ ಮಾತ್ರ ಸಂಬಂಧಿಸಿದ ನಿಯಮ, ನಿಮ್ಮ ಫೈಲ್ ಮಾರಾಟಕ್ಕಲ್ಲ. ಆದರೆ ಕೀ ಇಲ್ಲದೆ ಬೇರೆ ಸ್ಟೋರ್‌ನಲ್ಲಿ ಅಗ್ಗಕ್ಕೆ ಮಾರಿದರೂ ವಾಲ್ವ್ ಒತ್ತಡ ಹಾಕುತ್ತದೆ ಎಂದು 2021ರಲ್ಲಿ ಅಮೆರಿಕದಲ್ಲಿ ಒಂದು ದಾವೆ ಹೂಡಲಾಯಿತು. ಹೂಡಿದ್ದು ಯಾರು ಗೊತ್ತೇ? ಮೊದಲ ಬಂಡಲ್ ತಂದ ಅದೇ ವುಲ್ಫೈರ್. ವಾಲ್ವ್ ಆರೋಪವನ್ನು ಒಪ್ಪಿಲ್ಲ. 2024ರ ನವೆಂಬರ್‌ನಲ್ಲಿ ಅದಕ್ಕೆ ಸಾಮೂಹಿಕ ದಾವೆಯ ಮಾನ್ಯತೆ ಸಿಕ್ಕಿತು. ನಿಮಗೆ ಇದರಿಂದ ತಿಳಿಯಬೇಕಾದ್ದು ಇಷ್ಟು: ‘ನಿಮ್ಮಲ್ಲಿ ಬೆಲೆ ಇಳಿಸಲು ಆಗಲ್ಲ’ ಎಂದು ಡೆವಲಪರ್ ಹೇಳಿದರೆ ಅದು ಜಿಪುಣತನವೇ ಆಗಿರಬೇಕಿಲ್ಲ. ದೊಡ್ಡ ಸ್ಟೋರ್‌ನ ಮುಖ ನೋಡುತ್ತಿರಬಹುದು.

ಬಂಡಲ್ ಮುಗಿದ ಮೇಲೂ ಅದರ ನೆರಳು ಉಳಿಯುತ್ತದೆ. ತೆರೆಯದ ಕೀಗಳು ಮರುಮಾರಾಟದ ತಾಣಗಳಿಗೆ ಹೋಗುತ್ತವೆ, ಹಾಗೆ ಮಾರಬಾರದು ಎಂದು ಬಂಡಲ್‌ನ ಷರತ್ತಿನಲ್ಲಿ ಬರೆದಿದ್ದರೂ. ನಾನು ದರ ನೋಡಿಕೊಳ್ಳುತ್ತಿದ್ದ ಒಂದು ಗೇಮ್ ಬಂಡಲ್‌ನಲ್ಲಿದ್ದದ್ದು ಎರಡೇ ವಾರ. ಒಂದೂವರೆ ವರ್ಷದ ಮೇಲೂ ಅದರ ಕೀ ಮರುಮಾರಾಟದಲ್ಲಿ ಎರಡು ಡಾಲರಿಗೆ ಸಿಗುತ್ತಿತ್ತು. ನಾವು ಸೇಲ್‌ನಲ್ಲಿ ಬೆಲೆಯನ್ನು ಅರ್ಧಕ್ಕೆ ಇಳಿಸಿದರೂ ಜನ ಆ ಎರಡು ಡಾಲರ್ ತೋರಿಸಿ ನಗುತ್ತಿದ್ದರು. ಅಂಥ ತಾಣಗಳಲ್ಲಿ ಕದ್ದ ಕಾರ್ಡ್‌ನಿಂದ ಕೊಂಡ ಕೀಗಳೂ ಬೆರೆತಿರುತ್ತವೆ. ಫ್ಯಾಕ್ಟೋರಿಯೋ ಗೇಮ್ ಮಾಡಿದ ವೂಬೆ ಸ್ಟುಡಿಯೋ ದೂರಿದ ಮೇಲೆ ಜಿ2ಎ ತಾಣವು 198 ಕೀಗಳು ಕದ್ದವೆಂದು ಒಪ್ಪಿಕೊಂಡು 2020ರಲ್ಲಿ 39,600 ಡಾಲರ್ ಪರಿಹಾರ ಕೊಟ್ಟಿತು. ಇಷ್ಟು ಹೇಳಿದ ಮೇಲೆ ಒಂದು ಸಮಾಧಾನದ ಮಾತು: ನೀವು ಕೊಡುವ ಫೈಲ್‌ಗೆ ಕೀ ಇಲ್ಲ, ಹಾಗಾಗಿ ಅದನ್ನು ಯಾರೂ ಹೀಗೆ ಮರುಮಾರಲಾರರು. ಕದ್ದು ಹಂಚಬಹುದು ಅಷ್ಟೇ, ಅದು ಬೇರೆ ರೋಗ.

ಎಲ್ಲ ಬಂಡಲ್‌ಗಳೂ ದೊಡ್ಡವರ ಮನೆ ತುಂಬಿಸುತ್ತವೆ ಎಂದೇನಿಲ್ಲ. 2020ರ ಜೂನ್‌ನಲ್ಲಿ ಇಂಡಿ ಗೇಮ್‌ಗಳ ತಾಣ ಇಚ್.ಐಒ ಜನಾಂಗೀಯ ನ್ಯಾಯಕ್ಕಾಗಿ ಒಂದು ಬಂಡಲ್ ತಂದಿತು. ಕನಿಷ್ಠ 5 ಡಾಲರ್, 1,700ಕ್ಕೂ ಹೆಚ್ಚು ಗೇಮ್ ಮತ್ತಿತರ ಸಾಮಗ್ರಿ, 80 ಲಕ್ಷ ಡಾಲರಿಗೂ ಹೆಚ್ಚು ದೇಣಿಗೆ. ಕೊಟ್ಟವರು 8 ಲಕ್ಷಕ್ಕೂ ಹೆಚ್ಚು ಜನ. ಇಳಿಸಿಕೊಳ್ಳಬೇಕಾದರೆ ಇಚ್‌ಗೇ ಬರಬೇಕು. ದುಡ್ಡೆಲ್ಲ ದಾನಕ್ಕೆ ಹೋದರೂ ಆ ಲೈಬ್ರರಿಗಳು ಇಚ್‌ನಲ್ಲೇ ಉಳಿದವು. ದೊಡ್ಡ ಗೇಮ್ ಕಂಪನಿ ಎಪಿಕ್ ಇನ್ನೂ ನೇರವಾಗಿ ಇದೇ ದಾರಿ ಹಿಡಿಯಿತು. 2018ರ ಡಿಸೆಂಬರ್‌ನಲ್ಲಿ ಸ್ಟೋರ್ ತೆರೆದು, ಡೆವಲಪರ್‌ಗಳಿಂದ ಶೇ 12 ಮಾತ್ರ ತೆಗೆದುಕೊಂಡು, ಗ್ರಾಹಕರಿಗೆ ಸುಮ್ನೆ ಗೇಮ್ ಹಂಚಿತು. ಆಪಲ್ ಜೊತೆಗಿನ ಮೊಕದ್ದಮೆಯಲ್ಲಿ ಲೆಕ್ಕ ಹೊರಗೆ ಬಂತು: ಮೊದಲ ಒಂಬತ್ತು ತಿಂಗಳಲ್ಲಿ 38 ಗೇಮ್‌ಗಳಿಗೆ ಸುಮಾರು 1.16 ಕೋಟಿ ಡಾಲರ್ ಕೊಟ್ಟು, ಸುಮಾರು 50 ಲಕ್ಷ ಹೊಸ ಬಳಕೆದಾರರನ್ನು ಪಡೆದರು. ತಲೆಗೆ ಎರಡೂಕಾಲು ಡಾಲರ್ ಮೇಲೆ ಸ್ವಲ್ಪ. ಗ್ರಾಹಕನಿಗೆ ಗೇಮ್ ಪುಕ್ಕಟೆ, ಸ್ಟೋರ್‌ಗೆ ಗ್ರಾಹಕ ಮಾತ್ರ ಪುಕ್ಕಟೆ ಅಲ್ಲ. ಇದನ್ನು ಓದಿ ‘ನಾವೂ ಹಂಚೋಣ’ ಅನ್ನಬೇಡಿ ಮತ್ತೆ. ಹಿಂದೆ ದೊಡ್ಡ ಗಂಟಿದ್ದವರ ಆಟ ಅದು.

ಈಗ ನಿಮ್ಮ ಮುಂದಿರುವ ದಾರಿಗಳು.

ಬೆಲೆಯನ್ನು 5 ಡಾಲರಿಗೆ ಇಳಿಸುವುದು ಬೇಡ. ಬಂಡಲ್ ಎರಡು ವಾರದ ಮಾತು, ಬೆಲೆ ಇಳಿಸಿದರೆ ಅದು ಉಳಿದುಬಿಡುತ್ತದೆ. ಬಂಡಲ್ ನೋಡಿ ಕೊಂಡವರು ಕೊಂಡಾಯಿತು, ಅವರಿಗಾಗಿ ಇಳಿಸಿ ಪ್ರಯೋಜನವಿಲ್ಲ. ನೋಡದವರಿಗೆ 15 ಡಾಲರ್ ಇನ್ನೂ 15 ಡಾಲರೇ. ನಾನು ಕಂಡ ಮಟ್ಟಿಗೆ ಬಂಡಲ್ ಆದ ಮೇಲೆ ಮಾರಾಟ ಒಂದೆರಡು ತಿಂಗಳಲ್ಲಿ ನಿಧಾನವಾಗಿ ಮೇಲೇಳುತ್ತದೆ. ಪೂರ್ತಿ ಹಳೆಯ ಮಟ್ಟಕ್ಕೆ ಬರುವುದು ಅಪರೂಪ. ಬಂದು ಮೂರು ವರ್ಷವಾದ ಗೇಮ್ ಆದರೆ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ, ಆರು ತಿಂಗಳ ಹೊಸ ಗೇಮ್ ಆದರೆ ಏಟು ಜೋರು. ಬಂಡಲ್‌ಗೆ ಬೇಗ ಹೋಗುವ ಡೆವಲಪರ್‌ಗಳನ್ನು ಕಂಡರೆ ನನಗೆ ಈಗಲೂ ಕೈ ಹಿಡಿದು ನಿಲ್ಲಿಸಬೇಕು ಅನ್ನಿಸುತ್ತದೆ.

ಸ್ಟೀಮ್ ಕೀಗಳನ್ನು ನೀವೂ ಮಾರುವುದು ಎರಡನೇ ದಾರಿ. ಗ್ರೀನ್ ಮ್ಯಾನ್ ಗೇಮಿಂಗ್, ಫೆನಟಿಕಲ್ ಥರದವರು ಪ್ರಕಾಶಕರಿಂದಲೇ ಅಧಿಕೃತವಾಗಿ ಕೀ ಪಡೆದು ಇದನ್ನೇ ಮಾಡುತ್ತಾರೆ. ಮಾರಾಟ ಬೇಗ ಏರುತ್ತದೆ, ಅನುಮಾನವಿಲ್ಲ. ಆದರೆ ಅಪಾಯಗಳಿವೆ. ಕೀ ಕೊಡುವುದು ಬಿಡುವುದು ವಾಲ್ವ್ ಕೈಯಲ್ಲಿದೆ. ಗೇಮಿನ ಮಾರಾಟಕ್ಕೆ ಹೊಂದದಷ್ಟು ಕೀ ಕೇಳಿದರೆ ನಿರಾಕರಿಸುತ್ತೇವೆ ಎಂದು 2017ರಲ್ಲೇ ಹೇಳಿದ್ದಾರೆ. ಕದ್ದ ಕಾರ್ಡ್‌ನಲ್ಲಿ ಕೀ ಕೊಂಡರೆ ಬ್ಯಾಂಕ್ ದುಡ್ಡು ಹಿಂದಕ್ಕೆ ಪಡೆಯುತ್ತದೆ, ಕೀ ಹೋಗಿಯೇ ಹೋಯಿತು. ಒಂದು ದೇಶದ ಕೀ ಇನ್ನೊಂದು ದೇಶದಲ್ಲಿ ತೆರೆಯದಿದ್ದರೆ ಗ್ರಾಹಕ ನಿಮ್ಮನ್ನೇ ಬೈಯುತ್ತಾನೆ. ಈ ದೇಶವಾರು ಬೀಗಕ್ಕಾಗಿಯೇ 2021ರಲ್ಲಿ ಯುರೋಪಿಯನ್ ಕಮಿಷನ್ ವಾಲ್ವ್ ಮತ್ತು ಐದು ಪ್ರಕಾಶಕರಿಗೆ ಒಟ್ಟು 78 ಲಕ್ಷ ಯೂರೋ ದಂಡ ಹಾಕಿತು. ಎಲ್ಲಕ್ಕಿಂತ ಮುಖ್ಯವಾಗಿ, ಮಾರುವ ಪ್ರತಿ ಕೀಯೂ ನಿಮ್ಮ ಗ್ರಾಹಕನನ್ನು ನೀವೇ ಕೈಹಿಡಿದು ಪಕ್ಕದ ಮನೆಗೆ ಬಿಟ್ಟು ಬಂದಂತೆ. ಫೈಲ್ ಜೊತೆಗೆ ಕೀ ಕೊಟ್ಟರೆ ಪರವಾಗಿಲ್ಲ. ಫೈಲ್ ಬಿಟ್ಟು ಕೀ ಮಾತ್ರ ಅಂದರೆ ನಿಮ್ಮ ಸ್ಟೋರ್ ಯಾಕೆ ಇರಬೇಕು ಎಂಬ ಪ್ರಶ್ನೆ ಬರುತ್ತದೆ.

ಮೂರನೆಯದು ನಿಮ್ಮ ಗೆಳೆಯ ಹೇಳುವ ಸ್ವಂತ ಬಂಡಲ್. ಮಾಡಿ, ಆದರೆ ದುಡ್ಡಿಗಾಗಿ ಮಾಡಬೇಡಿ. ಲೆಕ್ಕ ನೋಡಿ: 8 ಗೇಮ್, 10 ಡಾಲರ್. ನೀವು ಶೇ 20 ಇಟ್ಟುಕೊಂಡರೆ 2 ಡಾಲರ್. ಉಳಿದ 8 ಡಾಲರನ್ನು ಸಮವಾಗಿ ಹಂಚಿದರೆ ಡೆವಲಪರ್ ಒಬ್ಬರಿಗೆ ಒಂದು ಡಾಲರ್. ನಿಮ್ಮ ಆ 2 ಡಾಲರ್‌ನಲ್ಲೇ ಪಾವತಿ ಶುಲ್ಕ, ಸರ್ವರ್, ‘ಫೈಲ್ ಇಳಿಯುತ್ತಿಲ್ಲ’ ಎಂಬ ಮೇಲ್‌ಗಳಿಗೆ ಉತ್ತರ ಎಲ್ಲ ಆಗಬೇಕು. ಕಟ್ಟಿನಲ್ಲಿ ಜನರನ್ನು ಎಳೆಯುವ ಒಂದಾದರೂ ಗೇಮ್ ಬೇಕು. ಆ ಗೇಮಿನವರು ‘ನಮ್ಮಿಂದಲೇ ಹೋಗುತ್ತಿರುವುದು, ನಮಗೇ ಜಾಸ್ತಿ ಪಾಲು ಕೊಡಿ’ ಅನ್ನುತ್ತಾರೆ, ತಪ್ಪೂ ಅಲ್ಲ. ನಾನು ಕೂತಿದ್ದ ಬಂಡಲ್ ಮಾತುಕತೆಗಳಲ್ಲಿ ಅರ್ಧ ಮುರಿದು ಬಿದ್ದದ್ದು ಈ ಪಾಲಿನ ವಿಷಯಕ್ಕೇ. ಹಾಗಾಗಿ ಕಾಗದದ ಮೇಲೆ ಮೊದಲೇ ಬರೆಯಿರಿ. ಮತ್ತೆ, ವರ್ಷಕ್ಕೆ ಎರಡು ಸಾಕು. ತಿಂಗಳಿಗೊಂದು ಮಾಡಿದರೆ ನಿಮ್ಮ ಗ್ರಾಹಕರಿಗೂ ಕಾಯುವ ಚಟ ಹತ್ತುತ್ತದೆ. ಬಂಡಲ್ ಮಾಡಿದರೆ ಸ್ಟೋರ್ ಉಳಿದೇಬಿಡುತ್ತದೆ ಎಂದೂ ಅಂದುಕೊಳ್ಳಬೇಡಿ. ಇಂಡಿ ರಾಯಲ್ ಬಂಡಲ್‌ಗಳ ಹಿಂದಿದ್ದ ಡೆಸುರಾ ಸ್ಟೋರ್‌ನ ಮಾಲೀಕ ಕಂಪನಿ 2015ರಲ್ಲಿ ದಿವಾಳಿಯಾಯಿತು.

ಸಣ್ಣ ಸ್ಟೋರ್‌ಗೆ ನನಗೆ ಹೆಚ್ಚು ಹಿಡಿಸುವುದು ಇದರ ಇನ್ನೊಂದು ರೂಪ: ಒಬ್ಬರ ಮೂರು ಗೇಮ್, ಅಥವಾ ಒಂದೇ ಬಗೆಯ ನಾಲ್ಕೈದು ಗೇಮ್ ಸೇರಿಸಿ, ಗ್ರಾಹಕನ ಹತ್ತಿರ ಈಗಾಗಲೇ ಇರುವುದನ್ನು ಕಳೆದು ಉಳಿದವಕ್ಕೆ ರಿಯಾಯಿತಿ ಕೊಡುವುದು. ಸ್ಟೀಮ್ ಕೂಡ 2016ರಿಂದ ಇದನ್ನು ಮಾಡುತ್ತಿದೆ. ಇದರಲ್ಲಿ ಹಳೆಯ ಗ್ರಾಹಕನಿಗೆ ‘ನಾನು ಮೊದಲೇ ಕೊಂಡು ಮೋಸ ಹೋದೆ’ ಅನ್ನಿಸುವುದಿಲ್ಲ. ಬೆಲೆಯ ನೆನಪೂ ಕೆಡುವುದಿಲ್ಲ, ಯಾಕೆಂದರೆ ಪ್ರತಿ ಗೇಮಿನ ಬೆಲೆ ಪಕ್ಕದಲ್ಲೇ ಬರೆದಿರುತ್ತದೆ. ಅಪಾಯ ಕಡಿಮೆ. ಗದ್ದಲವೂ ಕಡಿಮೆ, ಹೊಸಬರು ಇದರಿಂದ ಹೆಚ್ಚು ಬರುವುದಿಲ್ಲ.

ಚಂದಾ ಯೋಜನೆಯ ಬಗ್ಗೆ ನೀವು ಕೇಳಿಲ್ಲ, ಆದರೆ ಮುಂದೆ ಯಾರಾದರೂ ಹೇಳುತ್ತಾರೆ. 300 ಗೇಮ್‌ಗಳಿಗೆ ಬೇಡ. ತಿಂಗಳು ತಿಂಗಳೂ ಡೆವಲಪರ್‌ಗಳಿಗೆ ಮುಂಗಡ ಕೊಡುವ ಶಕ್ತಿ ಇದ್ದವರಿಗೆ ಅದು.

ನಿಮ್ಮ ಪಾಲಿನಿಂದಲೇ ದುಡ್ಡು ಕೊಟ್ಟು ಬೆಲೆ ಹೊಂದಿಸುವ ಆಸೆಯೂ ಬರಬಹುದು. ನಿಮ್ಮಂತೆಯೇ ಡಿಆರ್‌ಎಂ ಇಲ್ಲದ ಗೇಮ್ ಮಾರುವ ಜಿಒಜಿ ಸ್ಟೋರ್ ಹೀಗೆ ಬೇರೆ ಬೇರೆ ದೇಶಗಳ ಬೆಲೆ ವ್ಯತ್ಯಾಸವನ್ನು ವರ್ಷಗಟ್ಟಲೆ ತನ್ನ ಜೇಬಿನಿಂದ ತುಂಬಿಕೊಟ್ಟು, 2019ರಲ್ಲಿ ಇನ್ನು ಆಗುವುದಿಲ್ಲ ಎಂದು ನಿಲ್ಲಿಸಿತು. ಆದರೆ ಅದೇ ಜಿಒಜಿ 2016ರಲ್ಲಿ ಮಾಡಿದ ಇನ್ನೊಂದು ಕೆಲಸ ನಿಮಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಜಿಒಜಿ ಕನೆಕ್ಟ್ ಎಂಬ ಹೆಸರಿನಲ್ಲಿ, ಗ್ರಾಹಕರ ಸ್ಟೀಮ್ ಲೈಬ್ರರಿಯಲ್ಲಿ ಆಗಲೇ ಇದ್ದ ಕೆಲವು ಗೇಮ್‌ಗಳ ಡಿಆರ್‌ಎಂ ಇಲ್ಲದ ಪ್ರತಿಯನ್ನು ತನ್ನಲ್ಲೂ ಪುಕ್ಕಟೆ ಕೊಟ್ಟಿತು. ಆಯ್ದ ಗೇಮ್, ಕೆಲವೇ ದಿನ, ಪ್ರಕಾಶಕರ ಒಪ್ಪಿಗೆಯಿಂದ. ಲೈಬ್ರರಿಯನ್ನು ಬಂದ ದಾರಿಯಲ್ಲೇ ವಾಪಸ್ ಎಳೆಯುವ ಪ್ರಯತ್ನ ಅದು. ನಿಮ್ಮ ಪಜಲ್ ಗೇಮಿನ ಡೆವಲಪರ್‌ಗೆ ಕೇಳಿ ನೋಡಿ: ಬಂಡಲ್‌ನಲ್ಲಿ ಕೊಂಡವರು ರಸೀದಿ ತೋರಿಸಿದರೆ ನಮ್ಮಲ್ಲಿ ಫೈಲ್ ಪುಕ್ಕಟೆ ಕೊಡಬಹುದೇ ಎಂದು. ಅವರಿಗೆ ಒಂದು ಸೆಂಟೂ ನಷ್ಟವಿಲ್ಲ, ದುಡ್ಡು ಆಗಲೇ ಬಂದಾಗಿದೆ. ನಿಮಗೆ ಹೊಸ ಖಾತೆಗಳು ಬರುತ್ತವೆ, ಅದೂ ಪಜಲ್ ಇಷ್ಟಪಡುವವರ ಖಾತೆಗಳು. ಡೌನ್‌ಲೋಡ್ ಖರ್ಚು ನಿಮ್ಮದು, ಸುಳ್ಳು ರಸೀದಿಗಳ ಕಾಟ ಸ್ವಲ್ಪ ಇರುತ್ತದೆ, ಅರ್ಧದಷ್ಟು ಜನ ಫೈಲ್ ತೆಗೆದುಕೊಂಡು ಮತ್ತೆ ಬರುವುದಿಲ್ಲ. ಆದರೂ ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಮಾಡುವುದು ಇದನ್ನೇ.

ಡೆವಲಪರ್‌ಗೆ ಬರೆಯುವಾಗ ಇನ್ನೊಂದು ಮಾತೂ ಸೇರಿಸಿ. ಮುಂದಿನ ಬಂಡಲ್ ಬರುವ ಮೊದಲು ತಿಳಿಸಲು ಕೇಳಿ. ಯಾವ ಬಂಡಲ್ ಎಂದು ಅವರು ಹೇಳಲಾರರು, ಗುಟ್ಟು ಕಾಯುವ ಒಪ್ಪಂದ ಸಾಮಾನ್ಯವಾಗಿ ಇರುತ್ತದೆ. ನಾನೇ ಎಷ್ಟೋ ಸಲ ಅಂಥದ್ದಕ್ಕೆ ಸಹಿ ಹಾಕಿದ್ದೇನೆ. ಆದರೆ ‘ಮಾರ್ಚ್‌ನಲ್ಲಿ ನಮ್ಮ ಗೇಮ್ ಮೇಲೆ ದೊಡ್ಡ ಪ್ರಚಾರ ಇಟ್ಟುಕೊಳ್ಳಬೇಡಿ’ ಎಂದಷ್ಟು ಹೇಳಲು ಅಡ್ಡಿಯಿಲ್ಲ, ಒಳ್ಳೆಯ ಡೆವಲಪರ್‌ಗಳು ಹೇಳುತ್ತಾರೆ. ಫೆಬ್ರವರಿಯಲ್ಲಿ ನೀವು ನಿಮ್ಮ ಸೇಲ್ ಮುಗಿಸಿಕೊಳ್ಳಬಹುದು.

ದುಡ್ಡು ವಾಪಸ್ ಕೇಳಿದ ಆ ಇಬ್ಬರಿಗೆ ತಕರಾರಿಲ್ಲದೆ ಕೊಡಿ. 2015ರಿಂದ ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ವಾಪಸ್ ಸಿಗುತ್ತದೆ. ಜನ ಅದಕ್ಕೆ ಒಗ್ಗಿದ್ದಾರೆ. ‘ಬೇಕಿದ್ದರೆ ಅದೇ 15 ಡಾಲರಿಗೆ ಇಲ್ಲಿನ ಬೇರೆ ಗೇಮ್ ತೆಗೆದುಕೊಳ್ಳಿ, ಮೇಲೆ 3 ಡಾಲರ್ ಕೂಪನ್ ಕೊಡುತ್ತೇವೆ’ ಎಂದೂ ಕೇಳಿ ನೋಡಿ. ಇಬ್ಬರಲ್ಲಿ ಒಬ್ಬರು ಒಪ್ಪಿದರೂ ಲಾಭವೇ.

ಕೊನೆಗೆ ನಿಮ್ಮದೇ ದಾಖಲೆ ತೆರೆಯಿರಿ. ಬಂಡಲ್ ನಡೆದ ಎರಡು ವಾರ ಆ ಪಜಲ್ ಗೇಮ್ ಹೋಗಲಿಲ್ಲ, ಸರಿ. ಉಳಿದ 299 ಹೇಗಿದ್ದವು? ಅವು ಎಂದಿನಂತೆ ಹೋಗಿದ್ದರೆ ಒಂದು ಗೇಮಿಗೆ ಜ್ವರ ಬಂದು ಹೋಯಿತು, ಅಷ್ಟೇ. ಅವೂ ಬಿದ್ದಿದ್ದರೆ, ಆ ಪಜಲ್ ಗೇಮಿಗಾಗಿ ಬರುತ್ತಿದ್ದವರು ಬೇರೆಯದನ್ನೂ ಕೊಳ್ಳುತ್ತಿದ್ದರು ಎಂದಾಯಿತು. ಹಾಗಿದ್ದರೆ ರಸೀದಿ ತೋರಿಸಿದವರಿಗೆ ಫೈಲ್ ಕೊಡುವ ಆ ಮೇಲ್ ಇವತ್ತೇ ಹೋಗಲಿ. ಎರಡು ತಿಂಗಳು ಬಿಟ್ಟು ಮತ್ತೊಮ್ಮೆ ಅಂಕಿ ನೋಡಿ. ಅಲ್ಲಿವರೆಗೆ 15 ಡಾಲರ್ 15 ಆಗಿಯೇ ಇರಲಿ.